ಗಾಳಿ ಬಿಟ್ಟರೂ ಕಳಚಬಾರದು: ಕ್ಯಾರವಾನ್ ಚಕ್ರದ ಲಾಕ್ ಬಗ್ಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಹೋದ ವರ್ಷ ಒಂದು ಹಳೆಯ ಕ್ಯಾರವಾನ್ ಟ್ರೇಲರ್ ತಂದೆವು. ಎರಡೇ ಚಕ್ರ, ಖಾಲಿ ಇದ್ದಾಗ ಸುಮಾರು 750 ಕೆಜಿ. ಅಂಗಳದಲ್ಲಿ ಜಾಗ ಇಲ್ಲದ್ದರಿಂದ ಮನೆಯಿಂದ 150 ಮೀಟರ್ ಕೆಳಗೆ, ಟಾರ್ ರಸ್ತೆ ಪಕ್ಕದ ಸಮತಟ್ಟು ಜಾಗದಲ್ಲಿ ನಿಲ್ಲಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಸುಮ್ನೆ ನಿಂತಿರುತ್ತದೆ. ಆನ್‌ಲೈನ್‌ನಲ್ಲಿ ಹಳದಿ ಬಣ್ಣದ ವೀಲ್ ಲಾಕ್‌ಗಳು ಬೇಕಾದಷ್ಟಿವೆ. ಯಾವುದು ತಗೊಳ್ಳಲಿ? ಒಂದು ಸಾಕಾ? ನಮ್ಮ ಮಳೆಗೆ ತಡೆಯುತ್ತಾ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಲಾಕ್ ಎಷ್ಟು ದಪ್ಪ, ಎಷ್ಟು ಭಾರ ಅಂತ ನೋಡಿ ಆರಿಸಬೇಡಿ. ಅದು ನಿಮ್ಮ ಚಕ್ರಕ್ಕೆ ಎಷ್ಟು ಬಿಗಿಯಾಗಿ ಕೂರುತ್ತದೆ ಅನ್ನುವುದನ್ನು ನೋಡಿ. ಇದನ್ನು ನಾನು ಓದಿ ಕಲಿತಿದ್ದಲ್ಲ, ಕಳೆದುಕೊಂಡು ಕಲಿತಿದ್ದು.

ನಾನು ಶಿವಮೊಗ್ಗದಲ್ಲಿ ವರ್ಷಗಳಿಂದ ಟ್ರೇಲರ್ ಕೆಲಸ ಮಾಡುತ್ತಿದ್ದೇನೆ. ನನ್ನದೇ ಒಂದು ಸಣ್ಣ ಟ್ರೇಲರ್ ಇತ್ತು, ಅದರ ಮೇಲೆ ಜನರೇಟರ್ ಮತ್ತು ವೆಲ್ಡಿಂಗ್ ಮಷಿನ್. ಸಾಗರದ ಕಡೆ ಒಂದು ಕೆಲಸಕ್ಕೆ ಹೋದಾಗ ರಾತ್ರಿ ಅಲ್ಲೇ ಬಿಟ್ಟು, ಚಕ್ರಕ್ಕೆ ಒಳ್ಳೆ ತೂಕದ ಕ್ಲ್ಯಾಂಪ್, ಅಂದರೆ ಚಕ್ರವನ್ನು ಕಚ್ಚಿ ಹಿಡಿಯುವ ವೀಲ್ ಲಾಕ್, ಹಾಕಿ ಬಂದಿದ್ದೆ. ಬೆಳಿಗ್ಗೆ ಹೋದರೆ ಟ್ರೇಲರ್ ಇಲ್ಲ. ಕ್ಲ್ಯಾಂಪ್ ಮಾತ್ರ ಚರಂಡಿಯಲ್ಲಿ ಬಿದ್ದಿತ್ತು. ಎತ್ತಿ ನೋಡಿದೆ, ಎಲ್ಲೂ ಮುರಿದಿರಲಿಲ್ಲ, ಕೊಯ್ದ ಗುರುತೂ ಇರಲಿಲ್ಲ. ಬೀಗ ಹಾಕಿದಂತೆಯೇ ಇತ್ತು! ಅವರು ಮಾಡಿದ್ದು ಇಷ್ಟೇ: ಟೈರಿನ ಗಾಳಿ ಬಿಟ್ಟಿದ್ದಾರೆ. ಗಾಳಿ ಹೋದ ಮೇಲೆ ಟೈರು ಮೆತ್ತಗಾಗಿ ಕ್ಲ್ಯಾಂಪಿಗೆ ಎರಡು ಬೆರಳಿನಷ್ಟು ಜಾಗ ಸಿಕ್ಕಿದೆ, ಅಲುಗಾಡಿಸಿ ಎಳೆದಿದ್ದಾರೆ, ಮತ್ತೆ ಗಾಳಿ ತುಂಬಿಸಿಕೊಂಡು ಹೋಗಿದ್ದಾರೆ. ಟ್ರೇಲರ್ ಹನ್ನೊಂದು ದಿನದ ಮೇಲೆ ಸಿಕ್ಕಿತು, ಮೇಲಿದ್ದ ಸಾಮಾನು ಸಿಗಲಿಲ್ಲ. ಅವತ್ತಿನಿಂದ ಯಾರೇ ವೀಲ್ ಲಾಕ್ ತಂದು ತೋರಿಸಿದರೂ ಮೊದಲು ಗಾಳಿ ಬಿಟ್ಟು ನೋಡುತ್ತೇನೆ.

ಹಾಗಾಗಿ ಲಾಕ್ ತಂದ ದಿನವೇ ನೀವು ಮಾಡಬೇಕಾದ ಪರೀಕ್ಷೆ ಇದು. ಚಕ್ರಕ್ಕೆ ಕ್ಲ್ಯಾಂಪ್ ಹಾಕಿ, ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಳ್ಳಿ. ಟೈರಿನ ಗಾಳಿ ಪೂರ್ತಿ ಬಿಡಿ. ಈಗ ನೀವೇ ಕಳ್ಳ ಅಂದುಕೊಂಡು ಐದು ನಿಮಿಷ ಜಗ್ಗಿ, ತಿರುಗಿಸಿ, ಹಾರೆ ಹಾಕಿ ಮೀಟಿ. ಬಂತಾ? ಹಾಗಾದರೆ ವಾಪಸ್ ಕಳಿಸಿ, ಅದು ಎಷ್ಟೇ ಗಟ್ಟಿ ಇರಲಿ. ಟೈರನ್ನು ಮಾತ್ರ ಹಿಡಿಯುವ ಕ್ಲ್ಯಾಂಪುಗಳು ಹೆಚ್ಚಾಗಿ ಇಲ್ಲಿಯೇ ಸೋಲುತ್ತವೆ. ರಿಮ್ಮಿನ ತೂತಿನೊಳಗೆ ಒಂದು ಕೈ ತೂರಿಸಿ ಹಿಂದಿನಿಂದ ಹಿಡಿಯುವಂಥದ್ದು ಆದರೆ ಗಾಳಿ ಬಿಟ್ಟರೂ ಜಪ್ಪಯ್ಯ ಅನ್ನುವುದಿಲ್ಲ, ಯಾಕೆಂದರೆ ಕಬ್ಬಿಣದ ರಿಮ್ಮು ಗಾಳಿ ಹೋದರೆ ಸಣ್ಣದಾಗುವುದಿಲ್ಲವಲ್ಲ.

ಎರಡನೇ ಪರೀಕ್ಷೆ ನಟ್ಟುಗಳದ್ದು. ಲಾಕ್ ಹಾಕಿದ ಮೇಲೆ ಚಕ್ರದ ನಟ್ಟಿಗೆ ಪಾನಾ ಕೂರುತ್ತದಾ ನೋಡಿ. ಕೂತರೆ ಕಳ್ಳ ಜಾಕಿ ಕೊಟ್ಟು, ಲಾಕ್ ಸಮೇತ ಆ ಚಕ್ರವನ್ನೇ ಬಿಚ್ಚಿ ಪಕ್ಕಕ್ಕಿಟ್ಟು, ತನ್ನ ಸ್ಟೆಪ್ನಿ ಹಾಕಿಕೊಂಡು ಹೋಗುತ್ತಾನೆ. ಅವನು ಸ್ಟೆಪ್ನಿ ತರಬೇಕಾಗಿಯೂ ಇಲ್ಲ, ನಿಮ್ಮ ಕ್ಯಾರವಾನಿನ ಹಿಂದೆಯೇ ಒಂದು ನೇತಾಡುತ್ತಿರುತ್ತದೆ ಅಲ್ವಾ! ಅದಕ್ಕೇ ಒಳ್ಳೆ ಲಾಕ್‌ಗಳಲ್ಲಿ ನಟ್ಟುಗಳನ್ನು ಮುಚ್ಚುವ ಒಂದು ದುಂಡು ತಟ್ಟೆ ಇರುತ್ತದೆ. ಅದು ನಾಲ್ಕೈದು ನಟ್ಟುಗಳಲ್ಲಿ ಒಂದನ್ನಾದರೂ ಪೂರ್ತಿ ಮುಚ್ಚಿದರೆ ಸಾಕು. ತಟ್ಟೆ ಇಲ್ಲದ ಲಾಕ್ ಆಗಲೇ ಕೊಂಡಿದ್ದರೆ, ಪ್ರತಿ ಚಕ್ರಕ್ಕೆ ಒಂದೊಂದು ವಿಶೇಷ ಕೀ ಇರುವ ನಟ್ಟು ಹಾಕಿಸಿ. ಸ್ಟೆಪ್ನಿಯನ್ನು ಬಿಚ್ಚಿ ಮನೆಗೆ ತನ್ನಿ.

ಈಗ ಅಳತೆ. ಟೈರಿನ ಮೇಲೆ ಬರೆದಿರುವುದನ್ನು ಓದಿ. ಉದಾಹರಣೆಗೆ 185/70 ಆರ್ 14 ಅಂತ ಇದ್ದರೆ, ಟೈರಿನ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 70, ಅಂದರೆ ಸುಮಾರು 130 ಮಿಲಿಮೀಟರ್, ರಿಮ್ಮು 14 ಇಂಚು. ಒಟ್ಟು ಚಕ್ರದ ಎತ್ತರ ಸುಮಾರು 615 ಮಿಲಿಮೀಟರ್ ಆಗುತ್ತದೆ. ಲಾಕ್ ಮಾರುವವರು ಎಷ್ಟರಿಂದ ಎಷ್ಟು ಅಗಲದ ಟೈರಿಗೆ ಅಂತ ಬರೆದಿರುತ್ತಾರೆ. ನಿಮ್ಮ ಅಳತೆ ಆ ಮಿತಿಯ ತುದಿಯಲ್ಲಿ ಬರುವುದಕ್ಕಿಂತ ನಡುವೆ ಬಂದರೆ ಒಳ್ಳೆಯದು. ಆದರೆ ಟೈರಿನ ಅಳತೆ ಎಲ್ಲರೂ ನೋಡುತ್ತಾರೆ, ಜನ ಮರೆಯುವುದು ಹಿಂಬದಿಯನ್ನು. ಕ್ಯಾರವಾನ್ ಅಡಿಗೆ ಬಗ್ಗಿ ಚಕ್ರದ ಹಿಂದೆ ಕೈ ಹಾಕಿ ನೋಡಿ. ಅಲ್ಲಿ ಬ್ರೇಕ್ ಡ್ರಮ್ ಇದೆ, ಸ್ಪ್ರಿಂಗ್ ಪ್ಲೇಟ್ ಇದೆ, ಶಾಕ್ ಅಬ್ಸಾರ್ಬರ್ ಇರಬಹುದು. ಲಾಕಿನ ಹಿಂದಿನ ಕೈ ಆ ಸಂದಿಯಲ್ಲಿ ನುಗ್ಗಬೇಕು. ಮೇಲೆ ಮಡ್‌ಗಾರ್ಡ್ ಟೈರಿಗೆ ಎಷ್ಟು ಹತ್ತಿರ ಇದೆ ಅಂತಲೂ ಅಳೆಯಿರಿ. ಹಳೆಯ ಕ್ಯಾರವಾನುಗಳಲ್ಲಿ ಸ್ಪ್ರಿಂಗ್ ಕುಸಿದು ಆ ಜಾಗ ಮೂರು ಬೆರಳೂ ಇರುವುದಿಲ್ಲ. ರಿಮ್ಮಿನಲ್ಲಿ ತೂತುಗಳಿವೆಯಾ, ಎಷ್ಟು ದೊಡ್ಡವು, ಅದನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಪಿಕಪ್ ವ್ಯಾನಿನ ಸಾದಾ ಕಬ್ಬಿಣದ ರಿಮ್ ಹಾಕಿದ ಟ್ರೇಲರ್‌ಗಳೇ ಜಾಸ್ತಿ, ಅವುಗಳಲ್ಲಿ ಕೆಲವದರ ತೂತು ತುಂಬ ಸಣ್ಣ.

ಆನ್‌ಲೈನ್‌ನಲ್ಲಿ ನೋಡುವಾಗ ನಿಮಗೆ ಇನ್ನೊಂದು ಜಾತಿಯೂ ಕಣ್ಣಿಗೆ ಬೀಳಬಹುದು. ಯುರೋಪಿನ ಕ್ಯಾರವಾನುಗಳಲ್ಲಿ ಆಲ್ಕೋ ಕಂಪನಿಯ ಚಾಸಿ ಇದ್ದರೆ, ಚಕ್ರದ ಹಿಂದೆ ಮೊದಲೇ ಒಂದು ಗೂಡು ಕೂರಿಸಿರುತ್ತಾರೆ. ರಿಮ್ಮಿನ ಕಡ್ಡಿಗಳ ನಡುವಿನ ಸಂದಿಯನ್ನು ಆ ಗೂಡಿಗೆ ಸರಿಯಾಗಿ ತಿರುಗಿಸಿ, ಲಾಕಿನ ಬೋಲ್ಟನ್ನು ಒಳಗೆ ಬಿಗಿದರೆ ಚಕ್ರ ಮತ್ತು ಚಾಸಿ ಒಂದೇ ಆಗಿಬಿಡುತ್ತದೆ. ಚಕ್ರದ ಲಾಕ್‌ಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಈ ಬಗೆಯ ಮೇಲೆ. ಆದರೆ ನಿಮ್ಮ ಚಾಸಿಯಲ್ಲಿ ಆ ಗೂಡು ಇಲ್ಲದಿದ್ದರೆ ಅದನ್ನು ತರಿಸಿ ಉಪಯೋಗ ಇಲ್ಲ. ಯಾರಾದರೂ ಲೋಕಲ್ ವೆಲ್ಡಿಂಗ್ ಶಾಪಿನವರು ಆಕ್ಸಲ್ ಮೇಲೆ ಒಂದು ಪ್ಲೇಟ್ ವೆಲ್ಡ್ ಮಾಡಿ ಗೂಡು ಮಾಡಿಕೊಡುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ನಾನೂ ವೆಲ್ಡಿಂಗ್ ಮಾಡುವವನೇ, ಅದಕ್ಕೇ ಹೇಳುತ್ತಿದ್ದೇನೆ. ಆಕ್ಸಲ್‌ಗೆ ಶಾಖ ಕೊಟ್ಟರೆ ಆ ಜಾಗ ದುರ್ಬಲ ಆಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಆಕ್ಸಲ್ ಮುರಿಯುವುದಕ್ಕಿಂತ ಕ್ಯಾರವಾನ್ ಕಳುವಾಗುವುದೇ ವಾಸಿ. ಬೇಕೇ ಬೇಕು ಅಂದರೆ ಯು-ಬೋಲ್ಟ್ ಹಾಕಿ ಬಿಗಿಯುವಂತೆ ಮಾಡಿಸಬಹುದು, ವೆಲ್ಡ್ ಇಲ್ಲದೆ.

ಲೋಹದ ಗುಣ ನೋಡುವುದು ಹೇಗೆ? ಒಂದು ಸಣ್ಣ ಅರ ತಗೊಳ್ಳಿ. ಲಾಕಿನ ಕಾಣದ ಮೂಲೆಯಲ್ಲಿ ಒಮ್ಮೆ ಉಜ್ಜಿ. ಅರ ಕಚ್ಚಿ ಪುಡಿ ಉದುರಿದರೆ ಅದು ಸಾದಾ ಕಬ್ಬಿಣ, ಗರಗಸದಲ್ಲೂ ಕೊಯ್ಯಬಹುದು. ಅರ ಜಾರಿ ಹೋದರೆ ಹದ ಕೊಟ್ಟ ಉಕ್ಕು. ಎಲ್ಲ ಭಾಗವೂ ಹದ ಆಗಿರಬೇಕಿಲ್ಲ, ಬೀಗ ಕೂರುವ ಕಡ್ಡಿ ಮತ್ತು ಅದರ ಸುತ್ತಲಿನ ಜಾಗವಾದರೂ ಇರಲಿ. ಬೇರೆ ಬೀಗ ಹಾಕುವಂಥ ಕ್ಲ್ಯಾಂಪ್ ಆದರೆ, ಬೀಗದ ಕೊಂಡಿ ಹೊರಗೆ ಕಾಣದ ಹಾಗೆ ಭುಜ ಎತ್ತರ ಇರುವ ಬೀಗ ಹುಡುಕಿ. ಕೊಂಡಿ ಕಾಣದಿದ್ದರೆ ಬೋಲ್ಟ್ ಕಟರಿನ ಬಾಯಿ ಕೂರುವುದಿಲ್ಲ. ದುಂಡು ಕೊಳವೆಯಂಥ ಕೀ ಇರುವ ಅಗ್ಗದ ಲಾಕ್‌ಗಳನ್ನು ಬಿಟ್ಟುಬಿಡಿ, ಅದನ್ನು ತೆಗೆಯುವ ಸಾಧನ ಸುಲಭವಾಗಿ ಸಿಗುತ್ತದೆ. ಒಳಗೆ ತಿರುಗುವ ಬಿಲ್ಲೆಗಳಿರುವ ಬೀಗಗಳು, ಅಂದರೆ ಡಿಸ್ಕ್ ಬಗೆಯವು, ಕಷ್ಟ ಕೊಡುತ್ತವೆ, ಧೂಳಿಗೂ ಸ್ವಲ್ಪ ತಡೆಯುತ್ತವೆ.

ಹೊರದೇಶದ ಲಾಕ್ ತರಿಸುವುದಾದರೆ ಡಬ್ಬದ ಮೇಲೆ ಸೋಲ್ಡ್ ಸೆಕ್ಯೂರ್ ಅನ್ನುವ ಗುರುತು ಇದೆಯಾ ನೋಡಿ. 1992ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ಮತ್ತು ಎಸೆಕ್ಸ್ ಪೊಲೀಸರು ಸೇರಿ ಶುರು ಮಾಡಿದ ಪರೀಕ್ಷಾ ಸಂಸ್ಥೆ ಅದು. ಕಳ್ಳರು ಬಳಸುವಂಥ ಸಾಮಾನುಗಳನ್ನೇ ಹಿಡಿದು ಲಾಕ್ ಮುರಿಯಲು ನೋಡುತ್ತಾರೆ, ಎಷ್ಟು ಹೊತ್ತು ತಡೆಯಿತು ಅನ್ನುವುದರ ಮೇಲೆ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತಾರೆ. ದರ್ಜೆಯ ಲಾಂಛನ ಇದ್ದ ಮಾತ್ರಕ್ಕೆ ನಿಮ್ಮ ಚಕ್ರಕ್ಕೆ ಸರಿಹೊಂದುತ್ತದೆ ಅಂತಲ್ಲ, ಮತ್ತೆ ಗಾಳಿ ಬಿಟ್ಟೇ ನೋಡಬೇಕು.

ಬ್ಯಾಟರಿಯ ಗ್ರೈಂಡರ್ ಬಂದ ಮೇಲೆ ಕೊಯ್ಯಲಾಗದ ಲಾಕ್ ಅಂತ ಯಾವುದೂ ಇಲ್ಲ ಮಾರಾಯ್ರೇ. ಲಾಕ್ ಕೊಡುವುದು ಹೊತ್ತು ಮತ್ತು ಸದ್ದು. ನಿಮ್ಮ ಜಾಗದಲ್ಲಿ ಆ ಸದ್ದು 150 ಮೀಟರ್ ಮೇಲಿರುವ ಮನೆಗೆ ಕೇಳಬೇಕು. ಬೇಸಿಗೆಯ ರಾತ್ರಿ ಖಂಡಿತ ಕೇಳುತ್ತದೆ. ಆದರೆ ಪುನರ್ವಸು ಮಳೆ ಹೆಂಚಿನ ಮೇಲೆ ಸುರಿಯುವಾಗ ಪಕ್ಕದ ಕೋಣೆಯವರು ಮಾತಾಡಿದ್ದೇ ಕೇಳುವುದಿಲ್ಲ, ಇನ್ನು ಗ್ರೈಂಡರ್ ಎಲ್ಲಿ ಕೇಳೀತು? ಅದಕ್ಕೇ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮಳೆಗಾಲದ ನಾಲ್ಕು ತಿಂಗಳಿಗೆ ಒಂದು ವೀಲ್ ಲಾಕ್ ಸಾಲದು.

ಇನ್ನೊಂದು ಕಾರಣವೂ ಇದೆ, ಇದು ನಮ್ಮ ನೆಲದ್ದೇ. ಟಾರಿನ ಮೇಲೆ ಲಾಕ್ ಆದ ಚಕ್ರ ಎಳೆಯಲು ಬರುವುದಿಲ್ಲ, ಉಜ್ಜುತ್ತದೆ, ಕೂಗುತ್ತದೆ. ಒದ್ದೆ ಹುಲ್ಲಿನ ಮೇಲೆ, ಹಾವಸೆ ಕಟ್ಟಿದ ಜಂಬಿಟ್ಟಿಗೆ ನೆಲದ ಮೇಲೆ 750 ಕೆಜಿಯ ಗಾಡಿ ಜಾರುತ್ತದೆ. ಒಂದು ಜೀಪು ಕಟ್ಟಿ ಎಳೆದರೆ ಲಾಕ್ ಸಮೇತ ರಸ್ತೆಗೆ ಬಂದುಬಿಡುತ್ತದೆ, ಆಮೇಲೆ ಲಾರಿಗೆ ಹತ್ತಿಸುವುದು ದೊಡ್ಡ ಮಾತಲ್ಲ.

ನಿಮ್ಮ ಜಾಗದಲ್ಲಿ ನಾನಾದರೆ ಮಾಡುವುದು ಹೀಗೆ. ಕ್ಯಾರವಾನ್ ನಿಲ್ಲುವ ಜಾಗದಲ್ಲಿ ಎರಡು ಅಡಿ ಆಳದ, ಒಂದೂವರೆ ಅಡಿ ಅಗಲದ ಗುಂಡಿ ತೋಡಿಸಿ, 20 ಎಂಎಂ ಸರಳನ್ನು ಬಳೆಯ ಹಾಗೆ ಬಗ್ಗಿಸಿ, ಅದರ ಕಾಲುಗಳನ್ನು ಒಳಗೆ ಅಗಲಿಸಿ ಕಾಂಕ್ರೀಟ್ ಹಾಕುತ್ತೇನೆ. ಇದನ್ನು ಏಪ್ರಿಲ್ ಒಳಗೇ ಮುಗಿಸಿ. ಒಂದು ವಾರವಾದರೂ ನೀರು ಹೊಡೆಯಬೇಕು, ಪೂರ್ತಿ ಗಟ್ಟಿಯಾಗಲು 28 ದಿನ ಅಂತ ಲೆಕ್ಕ. ಆಮೇಲೆ ದಪ್ಪನೆಯ ಹದದ ಸರಪಳಿಯನ್ನು ಆ ಬಳೆಯಿಂದ ಚಾಸಿಯ ಸುತ್ತ ಹಾಕಿ ಬೀಗ. ಬ್ರೇಕ್ ಪೈಪ್, ವೈರ್ ಯಾವುದೂ ಸರಪಳಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಸರಪಳಿ ನೆಲದ ಮೇಲೆ ಸಡಿಲವಾಗಿ ಬಿದ್ದಿರಬಾರದು. ಬಿದ್ದರೆ ನೆಲವೇ ಅವರಿಗೆ ಅಡಿಗಲ್ಲಾಗುತ್ತದೆ, ಮೇಲಿಂದ ಸುತ್ತಿಗೆ ಬೀಳುತ್ತದೆ, ಇಲ್ಲವೇ ಕಟರಿನ ಒಂದು ಹಿಡಿ ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕುತ್ತಾರೆ. ಎತ್ತರದಲ್ಲಿ, ಬಿಗಿಯಾಗಿ ಇರಲಿ.

ವೀಲ್ ಲಾಕ್ ಎರಡೂ ಚಕ್ರಕ್ಕೆ ಹಾಕಿದರೆ ಒಳ್ಳೆಯದು. ಈ ವರ್ಷ ಒಂದೇ ಕೊಳ್ಳಲು ಆಗುವುದು ಅಂದರೆ ಮನೆಯ ಕಡೆ ಕಾಣುವ ಚಕ್ರಕ್ಕೆ ಹಾಕಿ. ಕೆಲವರು ರಸ್ತೆ ಕಡೆ ಹಾಕಿ ಅನ್ನುತ್ತಾರೆ, ಕಂಡರೆ ಕಳ್ಳ ಹೆದರುತ್ತಾನೆ ಅಂತ. ನನ್ನ ಲೆಕ್ಕ ಬೇರೆ: ಅವನು ಲಾಕಿನ ಹತ್ತಿರ ಕೂತು ಕೆಲಸ ಮಾಡಬೇಕು, ಆಗ ಅವನ ಟಾರ್ಚ್ ಬೆಳಕು ನಿಮ್ಮ ಜಗಲಿಗೆ ಕಾಣಬೇಕು. ಹಳದಿ ಬಣ್ಣವನ್ನು ಮಾತ್ರ ಬದಲಿಸಬೇಡಿ, ದೂರದಿಂದ ಕಾಣುವುದು ಒಳ್ಳೆಯದೇ.

ಹಿಚ್ ಲಾಕ್ ಕೂಡ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಹಿಚ್ ಅಂದರೆ ಕಾರಿನ ಹಿಂದಿರುವ ಕಬ್ಬಿಣದ ಗುಂಡಿನ (ಬಾಲ್) ಮೇಲೆ ಕೂರುವ, ಟ್ರೇಲರಿನ ಆ ಕಬ್ಬಿಣದ ಮೂತಿ. ಅದಕ್ಕೆ ಬೀಗ ಇದ್ದರೆ ಕಳ್ಳರು ಮುಂದಿನ ಚೌಕಟ್ಟಿಗೆ ಹಗ್ಗ ಬಿಗಿದು ಎಳೆಯುತ್ತಾರೆ. ಚಕ್ರ ತಿರುಗದಿದ್ದಾಗಲೇ ಹಿಚ್ ಲಾಕಿಗೆ ಅರ್ಥ. ಮುಂದಿನ ಸಣ್ಣ ಗಾಲಿಯನ್ನು ಕಳಚಿ ಮನೆಗೆ ತಂದುಬಿಡಿ, ಮೂತಿಯನ್ನು ಒಂದು ಕಲ್ಲಿನ ಮೇಲೆ ಇಡಿ. ಎತ್ತಲು ಅವರಿಗೆ ಇನ್ನೊಂದು ಜಾಕಿ ಬೇಕಾಗುತ್ತದೆ. ಮೂತಿ ಸ್ವಲ್ಪ ತಗ್ಗಿದ್ದರೆ ಮೇಲ್ಛಾವಣಿಯಲ್ಲಿ ನೀರೂ ನಿಲ್ಲುವುದಿಲ್ಲ. ಗ್ಯಾಸ್ ಸಿಲಿಂಡರ್, ಬ್ಯಾಟರಿ ಒಳಗೆ ಬಿಡಬೇಡಿ. ಎಷ್ಟೋ ಸಲ ಕಳ್ಳರಿಗೆ ಬೇಕಾಗಿರುವುದು ಅವೇ.

ಈಗ ಹಾಕುವ ಕ್ರಮ. ಇದರಲ್ಲಿ ತಪ್ಪಿ ಲಾಕ್ ಬಿಚ್ಚಲಾಗದೆ ನಮ್ಮ ಹತ್ತಿರ ಬಂದವರು ತುಂಬ ಜನ. ಮೊದಲು ಚಕ್ರಗಳ ಹಿಂದೆ ಮುಂದೆ ಅಡ್ಡ ಕಲ್ಲು ಕೊಡಿ, ಗಾಡಿ ಒಂದಿಷ್ಟೂ ಅಲುಗಬಾರದು. ಆಮೇಲೆ ಲಾಕ್. ಬಿಚ್ಚುವಾಗ ಮೊದಲು ಲಾಕ್, ಕೊನೆಗೆ ಕಲ್ಲು. ಕಲ್ಲು ಇಲ್ಲದೆ ಲಾಕ್ ಹಾಕಿದರೆ ಗಾಡಿ ಒಂದಿಂಚು ಜರುಗಿದರೂ ಲಾಕಿನ ಕೈ ನೆಲಕ್ಕೋ ಮಡ್‌ಗಾರ್ಡಿಗೋ ಒತ್ತಿ ಸಿಕ್ಕಿಬೀಳುತ್ತದೆ, ಕೀ ತಿರುಗುವುದಿಲ್ಲ. ಬಲ ಹಾಕಿ ತಿರುಗಿಸಿದರೆ ಕೀ ಮುರಿಯುತ್ತದೆ. ಹಾಗೆ ಆದಾಗ ಗಾಡಿಯನ್ನು ಜಾಕಿಯಲ್ಲಿ ಸ್ವಲ್ಪ ಎತ್ತಿ, ಒತ್ತಡ ಹೋದ ಮೇಲೆ ತಿರುಗಿಸಿ. ವೀಲ್ ಲಾಕ್ ಇಳಿಜಾರಿನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಸಾಧನ ಅಲ್ಲ ಅನ್ನುವುದು ನೆನಪಿರಲಿ. ಹ್ಯಾಂಡ್ ಬ್ರೇಕನ್ನು ನಾಲ್ಕು ತಿಂಗಳು ಎಳೆದಿಡಬೇಡಿ, ನಮ್ಮ ತೇವಕ್ಕೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗ ಅಂದಿರಲ್ಲ, ಎರಡೂ ಕಡೆ ಒಳ್ಳೆಯ ಕಲ್ಲು ಕೊಟ್ಟು ಬ್ರೇಕ್ ಬಿಟ್ಟಿಡಿ.

ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಆಗುವ ಸೀಮೆ ನಮ್ಮದು, ಇಂಥ ಮಳೆಯನ್ನು ಯೋಚಿಸಿ ಯಾರೂ ಈ ಲಾಕ್‌ಗಳನ್ನು ಮಾಡಿರುವುದಿಲ್ಲ. ಕೀ ತೂತು ಕೆಳಮುಖ ಅಥವಾ ಅಡ್ಡ ಇರುವಂತೆ ಹಾಕಿ, ಮೇಲ್ಮುಖ ಬೇಡ. ರಬ್ಬರ್ ಮುಚ್ಚಳ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ. ಮನೆಯಲ್ಲಿ ಹಿರಿಯರು ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಾರೆ, ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಳಗಿನ ಚಳಿಯಲ್ಲಿ ಒಳಗಿನ ಬಿಲ್ಲೆ ಅಲುಗುವುದಿಲ್ಲ. ಎಂಜಿನ್ ಆಯಿಲ್, ಗ್ರೀಸ್ ಕೂಡ ಬೇಡ, ಕೆಂಪು ಧೂಳನ್ನು ಹಿಡಿದು ಅರಗಿನ ಹಾಗೆ ಆಗುತ್ತದೆ. ಡಬ್ಲ್ಯೂಡಿ-40 ಒಳಗಿನ ನೀರನ್ನು ಓಡಿಸಲು ಒಳ್ಳೆಯದು, ಆದರೆ ಅದು ಬೇಗ ಆರಿಹೋಗುತ್ತದೆ. ಅದು ಆರಿದ ಮೇಲೆ ಸಿಲಿಕಾನ್ ಸ್ಪ್ರೇ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹೊಡೆಯಿರಿ. ಲಾಕಿನ ಬಣ್ಣ ಎದ್ದ ಕಡೆ ಮಳೆಗಾಲಕ್ಕೆ ಮೊದಲೇ ಪ್ರೈಮರ್ ಹಚ್ಚಿ.

ತಿಂಗಳಿಗೊಮ್ಮೆ ಲಾಕ್ ಬಿಚ್ಚಿ ಮತ್ತೆ ಹಾಕಲೇಬೇಕು. ನಾವು ಸಂಕಷ್ಟಿ ದಿನ ಅಂತ ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ. ಅವತ್ತು ಲಾಕ್ ಬಿಚ್ಚಿ, ಒರೆಸಿ, ಸ್ಪ್ರೇ ಹೊಡೆದು, ಗಾಡಿಯನ್ನು ಕಾಲು ಸುತ್ತು ಜರುಗಿಸಿ ಮತ್ತೆ ಹಾಕಿ. ಟೈರು ಒಂದೇ ಕಡೆ ಚಪ್ಪಟೆಯಾಗುವುದೂ ತಪ್ಪುತ್ತದೆ. ಸರಪಳಿ ಒಂದಿಷ್ಟು ಉದ್ದ ಇರಲಿ, ಜರುಗಿಸಿದ ಮೇಲೆ ಮತ್ತೆ ಬಿಗಿ ಮಾಡಿಕೊಳ್ಳಬಹುದು. ಯಾರಾದರೂ ಲಾಕನ್ನು ಮುಟ್ಟಿ ನೋಡಿದ್ದರೆ ಗೀಚಿದ ಗುರುತೂ ಅವತ್ತೇ ಕಾಣುತ್ತದೆ. ಅಂಥ ಗುರುತು ಕಂಡರೆ ಸುಮ್ಮನಿರಬೇಡಿ, ಆ ವಾರವೇ ಕ್ಯಾರವಾನನ್ನು ಅಂಗಳಕ್ಕೆ ಹೇಗಾದರೂ ತನ್ನಿ. ನೋಡಿ ಹೋದವರು ಮತ್ತೆ ಬರುತ್ತಾರೆ.

ಲಾಕ್ ಇರುವುದನ್ನು ಮರೆತು ಗಾಡಿ ಎಳೆದು ಮಡ್‌ಗಾರ್ಡ್ ಕಿತ್ತುಕೊಂಡವರನ್ನು ಪ್ರತಿ ಅಕ್ಟೋಬರ್‌ನಲ್ಲಿ ನೋಡುತ್ತೇನೆ. ಕಾರಿನ ಕೀ ಗೊಂಚಲಿಗೆ ಲಾಕಿನ ಕೀ ಸೇರಿಸಿ, ಅಥವಾ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ.

ಎರಡನೇ ಕೀ ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ. ಕ್ಯಾರವಾನಿನ ಒಳಗೆ ಇಡುವುದಂತೂ ಬೇಡವೇ ಬೇಡ. ಕಳುವಾದಾಗ ವಿಮೆಯವರು ಎಲ್ಲ ಕೀಗಳನ್ನೂ ಕೇಳುತ್ತಾರೆ, ಎಫ್‌ಐಆರ್ ಜೊತೆಗೆ ಗಾಡಿ ಪತ್ತೆಯಾಗಲಿಲ್ಲ ಅನ್ನುವ ಪೊಲೀಸ್ ವರದಿಯನ್ನೂ ಕೇಳುತ್ತಾರೆ. ಟ್ರೇಲರ್‌ಗೆ ಅದರದೇ ನೋಂದಣಿ ಇರಬೇಕು. ಹಳೆಯದು ಕೊಂಡಿದ್ದೀರಿ, ಆರ್‌ಸಿ ನಿಮ್ಮ ಹೆಸರಿಗೆ ಬಂದಿದೆಯಾ? ಶಿವಮೊಗ್ಗದ ಕೆಎ-14 ಆಗಲಿ ಸಾಗರದ ಕೆಎ-15 ಆಗಲಿ, ಹೆಸರು ಬದಲಾಗದಿದ್ದರೆ ನಾಳೆ ವಿಮೆ ಕೇಳುವಾಗ ಕಷ್ಟ. ಚಾಸಿ ನಂಬರಿನ ಮೇಲಿನ ಮಣ್ಣು ಒರೆಸಿ ಫೋಟೋ ತೆಗೆದಿಡಿ, ಲಾಕ್ ಹಾಕಿದ ಸ್ಥಿತಿಯಲ್ಲೂ ಒಂದು ಫೋಟೋ. ಜಿಪಿಎಸ್ ಟ್ರ್ಯಾಕರ್ ಹಾಕಬಹುದು, ಅದು ಲಾಕಿನ ಬದಲಿಗೆ ಅಲ್ಲ. ನೆಟ್‌ವರ್ಕ್ ಇಲ್ಲದ ಕಾಡಿನ ನಡುವೆ ಅದು ಮೂಕ, ಗಾಡಿ ಪೇಟೆ ಮುಟ್ಟಿದ ಮೇಲೆಯೇ ಮಾತಾಡುತ್ತದೆ.

ಈಗ ಏನೂ ಕೊಳ್ಳಬೇಡಿ. ಈ ಭಾನುವಾರ ಟೇಪು, ಟಾರ್ಚು ಹಿಡಿದು ಗಾಡಿಯ ಅಡಿಗೆ ಹೋಗಿ. ಟೈರಿನ ಮೇಲಿನ ಅಕ್ಷರ, ರಿಮ್ಮಿನ ತೂತಿನ ಅಳತೆ, ಚಕ್ರದ ಹಿಂದಿನ ಸಂದಿ, ಮಡ್‌ಗಾರ್ಡಿನ ಅಂತರ, ಇಷ್ಟು ಬರೆದುಕೊಂಡು, ಚಕ್ರದ ಹಿಂಬದಿಯ ಒಂದು ಫೋಟೋ ತೆಗೆದು ನನಗೆ ಕಳಿಸಿ. ರಿಮ್ಮಿನ ತೂತಿನಲ್ಲಿ ಎರಡು ಬೆರಳು ಸಲೀಸಾಗಿ ಹೋದರೆ ನಿಮಗೆ ಬೇಕಾದ ಬಗೆಯ ಲಾಕ್ ಸಿಕ್ಕೇ ಸಿಗುತ್ತದೆ. ಹೋಗದಿದ್ದರೆ ರಿಮ್ಮನ್ನೇ ಬದಲಿಸುವುದರ ಬಗ್ಗೆ ಮಾತಾಡೋಣ.